ಫರ್ಜಾನಾ ಹಾಕಿದ ಒಂದು ಓಟು

ಮೇರಿಲ್ಯಾಂಡ್, ಮೊದಲ ವಾರ

ಅಮೆರಿಕದಿಂದ ಬಂದು ಏಳು ತಿಂಗಳಾಯಿತು. ಕಾಲೇಜಿನ ಸ್ಟಾಫ್ ರೂಮಿನಲ್ಲಿ ಯಾರಾದರೂ "ಹೇಗಿತ್ತು ಮೇಡಂ ಟ್ರಿಪ್ಪು?" ಎಂದರೆ "ಚೆನ್ನಾಗಿತ್ತು" ಎಂದು ಹೇಳಿ ಕ್ಲಾಸಿಗೆ ಹೊರಟುಬಿಡುತ್ತೇನೆ. ಹೇಳುವುದಾದರೆ ಒಂದು ಊಟದ ಮೇಜಿನಿಂದ ಶುರು ಮಾಡಬೇಕು. ಅಲ್ಲಿಂದ ಮುಂದಕ್ಕೆ ಮಾತು ಬರುವುದಿಲ್ಲ. ಬರೆದರೆ ಬರಬಹುದೇನೋ ನೋಡುತ್ತೇನೆ.

ಫರ್ಜಾನಾ ಮತ್ತು ನಾನು ಮೈಸೂರಿನಲ್ಲಿ ಬಿ.ಎಸ್ಸಿ.ಯ ಮೂರು ವರ್ಷವೂ ಒಂದೇ ಬೆಂಚಿನಲ್ಲಿ ಕೂತವರು. ನಾನು ಕೆಮಿಸ್ಟ್ರಿ ಹಿಡಿದುಕೊಂಡು ಇಲ್ಲೇ ಸರ್ಕಾರಿ ಕಾಲೇಜಿನಲ್ಲಿ ಉಪನ್ಯಾಸಕಿಯಾದೆ. ಅವಳು ರಫೀಕ್‌ನನ್ನು ಮದುವೆಯಾಗಿ ವಾಷಿಂಗ್ಟನ್ ಪಕ್ಕದ ಮೇರಿಲ್ಯಾಂಡಿಗೆ ಹೋದಳು. ಲ್ಯಾನ್‌ಹ್ಯಾಮ್‌ ದೇವಸ್ಥಾನದಿಂದ ಹತ್ತು ನಿಮಿಷದ ದಾರಿ, ಒಂದು ಪುಟ್ಟ ಊರು. ಹೆಸರು ಬರೆಯುವುದಿಲ್ಲ. ಅವಳಿಗೆ ಅಲ್ಲೊಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ರಫೀಕ್‌ಗೆ ನದಿಯಾಚೆ ಆಶ್‌ಬರ್ನ್‌ನ ಡೇಟಾ ಸೆಂಟರ್ ಒಂದರಲ್ಲಿ. ಮಗಳು ಆಯಿಷಾಗೆ ಹನ್ನೆರಡು ವರ್ಷ. ಅಲ್ಲೇ ಹುಟ್ಟಿದ್ದರಿಂದ ಹುಟ್ಟಿನಿಂದಲೇ ಅಮೆರಿಕದ ಪ್ರಜೆ. ಗಂಡ ಹೆಂಡತಿ ಇಬ್ಬರೂ ಗ್ರೀನ್ ಕಾರ್ಡಿನವರು. ಹಿಂದಿನ ವರ್ಷ ಇಬ್ಬರೂ ಪೌರತ್ವಕ್ಕೆ ಅರ್ಜಿ ಹಾಕಿದ್ದರು. ನಾನು ಮೇ ತಿಂಗಳ ಆರಂಭದಲ್ಲಿ ಹೋಗಿ ಇಳಿಯುವ ಹೊತ್ತಿಗೆ ರಫೀಕ್‌ದು ಮುಗಿದು, ಅವನು ಪ್ರಮಾಣವಚನವನ್ನೂ ತೆಗೆದುಕೊಂಡಾಗಿತ್ತು. ಫರ್ಜಾನಾಳ ಸಂದರ್ಶನ ಆ ತಿಂಗಳ ಕೊನೆಗೆ.

"ನೀನು ಮೇಷ್ಟ್ರು. ನನಗೆ ಬಾಯಿಪಾಠ ಮಾಡಿಸಿಯೇ ಹೋಗ್ಬೇಕು" ಎಂದಳು, ವಿಮಾನ ನಿಲ್ದಾಣದಿಂದ ಮನೆಗೆ ಬರುವ ದಾರಿಯಲ್ಲೇ.

ಊಟವಾದ ಮೇಲೆ ಮೇಜಿನ ಒಂದು ಬದಿಯಲ್ಲಿ ನಾನು ಅಧಿಕಾರಿಯಾಗಿ ಕೂರುತ್ತಿದ್ದೆ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಕೈಯಲ್ಲಿ ಕೆಂಪು ಪೆನ್ನು. ಅಧ್ಯಕ್ಷರು, ಸಂವಿಧಾನ, ನದಿಗಳು, ಇವೆಲ್ಲ ಅವಳಿಗೆ ಎರಡೇ ದಿನಕ್ಕೆ ಬಂದವು. ಆಮೇಲೆ ಅರ್ಜಿಯಲ್ಲಿರುವ ಉದ್ದನೆಯ ಪಟ್ಟಿ. ನೀವು ಎಂದಾದರೂ ಹೀಗೆ ಮಾಡಿದ್ದೀರಾ, ಹಾಗೆ ಮಾಡಿದ್ದೀರಾ ಎಂಬ ಪ್ರಶ್ನೆಗಳು. ಸರಿಯಾಗಿ ಬದುಕಿದವರಿಗೆ ಹೆಚ್ಚುಕಡಿಮೆ ಎಲ್ಲದಕ್ಕೂ ಒಂದೇ ಉತ್ತರ: ಇಲ್ಲ.

"ಎಂದಾದರೂ ಭಯೋತ್ಪಾದಕರಿಗೆ ಸಹಾಯ ಮಾಡಿದ್ದೀರಾ?"

"ನೋ."

"ಜೂಜಾಡಿದ್ದೀರಾ?"

"ಹಾಸ್ಟೆಲಲ್ಲಿ ಹೌಸಿ ಹೌಸಿ ಆಡಿದ್ವಲ್ಲ, ಅದು ಲೆಕ್ಕಕ್ಕಿದ್ಯೇನೇ?"

"ಆಫೀಸರ್ ಹತ್ರ ತಮಾಷೆ ಮಾಡ್ತೀಯಾ? ನೋ ಅನ್ನು."

"ನೋ ಮ್ಯಾಮ್."

"ಅಮೆರಿಕದಲ್ಲಿ ದೇಶದ, ರಾಜ್ಯದ ಅಥವಾ ಸ್ಥಳೀಯ ಯಾವುದೇ ಚುನಾವಣೆಯಲ್ಲಿ ಹೆಸರು ನೋಂದಾಯಿಸಿದ್ದೀರಾ, ಮತ ಹಾಕಿದ್ದೀರಾ?"

"ನೋ."

ನಾನು ಕೆಂಪು ಪೆನ್ನಿನಿಂದ ಸರಿ ಹಾಕಿದೆ. ಆ ದಿನ ಅದು ನಿಜವೇ ಆಗಿತ್ತು. ಮೂರನೆಯ ದಿನಕ್ಕೆ ನಾನು ಪ್ರಶ್ನೆ ಮುಗಿಸುವ ಮೊದಲೇ ಅವಳ ಬಾಯಿಂದ ನೋ ಬರುತ್ತಿತ್ತು. ನಾವು ಪರೀಕ್ಷೆಗೆ ಓದಿದ್ದು ಹಾಗೆಯೇ, ನಾನು ಈಗ ಹುಡುಗಿಯರಿಗೆ ಓದಿಸುವುದೂ ಹಾಗೆಯೇ. "ವೆರಿ ಗುಡ್" ಎಂದೆ.

ಮತದಾನದ ದಿನ

ಒಂದು ಸಂಜೆ ಬಾಗಿಲು ತಟ್ಟಿದವರು ಗ್ಲೋರಿಯಾ ಎಂಬ ಹೆಂಗಸು. ಕರಿಯ ಜನಾಂಗದವರು, ಬಸ್ ಓಡಿಸಿ ನಿವೃತ್ತರಾದವರು, ಊರಿನ ಕೌನ್ಸಿಲ್ಲಿಗೆ ಸ್ಪರ್ಧಿಸಿದ್ದರು. ನಮ್ಮಲ್ಲಿ ಅಭ್ಯರ್ಥಿ ಬಂದರೆ ಹಿಂದೆ ಇಪ್ಪತ್ತು ಜನ, ತಮಟೆ, ಹಾರ. ಇವರು ಒಬ್ಬರೇ, ಮಂಡಿ ನೋವಿಗೆ ಕಟ್ಟು ಹಾಕಿಕೊಂಡು ನಡೆದು ಬಂದಿದ್ದರು. ಶಾಲೆಯ ಮುಂದಿನ ರಸ್ತೆಗೆ ಉಬ್ಬು ಹಾಕಿಸಿ, ದಾಟುವ ಪಟ್ಟೆ ಬಳಿಸುತ್ತೇನೆ ಎಂದರು. ಆಯಿಷಾ ದಿನಾ ದಾಟುವ ರಸ್ತೆ ಅದು.

"ನಾನು ಸಿಟಿಜನ್ ಅಲ್ಲ" ಎಂದಳು ಫರ್ಜಾನಾ.

"ಈ ಊರಲ್ಲಿ ವಾಸ ಮಾಡ್ತೀಯಲ್ಲ? ಹಾಗಾದರೆ ಈ ಊರಿನ ಚುನಾವಣೆಗೆ ನೀನು ಮತದಾರಳು. ನಮ್ಮ ಊರಿನ ಕಾನೂನು" ಎಂದು ಒಂದು ಹಾಳೆ ಕೊಟ್ಟು ಹೋದರು.

ನಿಜ. ಮೇರಿಲ್ಯಾಂಡಿನ ಕೆಲವು ಊರುಗಳಲ್ಲಿ ಪೌರರಲ್ಲದವರೂ ಊರಿನ ಚುನಾವಣೆಯಲ್ಲಿ, ಅದೊಂದರಲ್ಲಿ ಮಾತ್ರ, ಮತ ಹಾಕಬಹುದು. ಕಸ, ಬೀದಿ ದೀಪ, ಪಾರ್ಕು ನಿರ್ಧಾರವಾಗುವುದು ಅಲ್ಲಿ. ಊರಿನ ವೆಬ್‌ಸೈಟಿನಲ್ಲಿ ಸ್ಪಷ್ಟವಾಗಿ ಬರೆದಿತ್ತು. ನಾನೇ ಎರಡು ಸಲ ಓದಿದೆ.

"ಈಗ ಬೇಡ. ಇಂಟರ್‌ವ್ಯೂ ಮುಗೀಲಿ, ಆಮೇಲೆ ನೋಡೋಣ" ಎಂದ ರಫೀಕ್.

ನಾನು ಸುಮ್ಮನಿರಬಹುದಿತ್ತು. ಇಪ್ಪತ್ತು ವರ್ಷ ಚುನಾವಣಾ ಕೆಲಸ ಮಾಡಿದವಳು ನಾನು. ಮತಯಂತ್ರದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋಗಿ, ಹಳ್ಳಿ ಶಾಲೆಯ ಬೆಂಚಿನ ಮೇಲೆ ಮಲಗಿ, ಸಾವಿರಾರು ಬೆರಳಿಗೆ ಶಾಯಿ ಹಚ್ಚಿಸಿದವಳು. ನನಗೆ ಮಾತು ತಡೆಯಲಾಗಲಿಲ್ಲ.

"ಹದಿಮೂರು ವರ್ಷದಿಂದ ಇಲ್ಲಿದ್ದೀಯ, ತೆರಿಗೆ ಕಟ್ತೀಯ. ನಿನ್ನ ಮಗಳು ದಾಟೋ ರಸ್ತೆ. ನಮ್ಮೂರಲ್ಲಿ ಎಂಬತ್ತರ ಮುದುಕೀನ ಚೇರಲ್ಲಿ ಕೂರಿಸ್ಕೊಂಡು ಹೊತ್ಕೊಂಡು ಬರ್ತಾರೆ. ನೀನು ಕಾರಲ್ಲಿ ಹೋಗಕ್ಕೆ ಹಿಂದೆ ಮುಂದೆ ನೋಡ್ತೀಯಾ?"

"ಆಯ್ತಮ್ಮಾ ಪ್ರಿಸೈಡಿಂಗ್ ಆಫೀಸರು. ಬೈಬೇಡ, ನಡಿ" ಎಂದು ನಕ್ಕಳು. ರಫೀಕ್ ಲ್ಯಾಪ್‌ಟಾಪ್ ತೆಗೆದುಕೊಂಡು ಒಳಗೆ ಹೋದ.

ಮತಗಟ್ಟೆ ಊರಿನ ಕಚೇರಿಯ ಹಾಲಿನಲ್ಲಿತ್ತು. ಪೊಲೀಸ್ ಇಲ್ಲ, ಏಜೆಂಟರ ಜಗಳವಿಲ್ಲ. ಮೇಜಿನ ಹಿಂದೆ ಮೂವರು ಅಜ್ಜಿಯರು, ಒಬ್ಬರ ಕೈಯಲ್ಲಿ ಉಲ್ಲನ್ ಹೆಣಿಗೆ, ಪಕ್ಕದಲ್ಲಿ ಬಿಸ್ಕತ್ತಿನ ತಟ್ಟೆ. ನಾನು ಅಭ್ಯಾಸಬಲದಿಂದ ಹೆಂಗಸರ ಸಾಲು ಯಾವುದು ಎಂದು ಕೇಳಿ ನಗೆಗೀಡಾದೆ. ಅಲ್ಲಿದ್ದವರೇ ಆರು ಜನ, ಸಾಲೆಲ್ಲಿಂದ ಬರಬೇಕು? ಅಲ್ಲೇ, ಆಗಲೇ ಫರ್ಜಾನಾಳ ಹೆಸರು ಬರೆದುಕೊಂಡರು. ಪೌರರಲ್ಲದವರಿಗೆ ಬೇರೆಯದೇ ಪಟ್ಟಿ. ಅವಳು ಮತ ಹಾಕಿ ಹೊರಗೆ ಬಂದಾಗ ಅಭ್ಯಾಸದಂತೆ ಎಡಗೈ ತೋರುಬೆರಳು ನೋಡಿದೆ. ಬರಿದು. ನಮ್ಮ ಮೈಸೂರಿನಲ್ಲೇ ತಯಾರಾಗುವ ಶಾಯಿಯ ಬದಲು ಅಂಗಿಯ ಮೇಲೊಂದು ಸ್ಟಿಕ್ಕರ್.

"ಇಷ್ಟೇನಾ?" ಎಂದೆ.

"ಇಷ್ಟೇ ಕಣೆ. ಗೊತ್ತಾ, ನಲವತ್ತಾರು ವರ್ಷಕ್ಕೆ ಇದು ನನ್ನ ಎರಡನೇ ಓಟು." ಮೊದಲನೆಯದು ಮದುವೆಗೆ ಮುಂಚೆ, ಮೈಸೂರಿನಲ್ಲಿ. ಅವತ್ತೂ ಜೊತೆಗಿದ್ದದ್ದು ನಾನೇ.

ಗ್ಲೋರಿಯಾ ಗೆದ್ದರು. ಹತ್ತು ದಿನದ ನಂತರ ಊರಿನ ಕಚೇರಿಯಿಂದ ಫರ್ಜಾನಾಳ ಹೆಸರಿಗೆ ದಪ್ಪ ಕಾಗದದ ಒಂದು ಕಾರ್ಡು ಬಂತು: ನೀವು ಈ ಊರಿನ ನೋಂದಾಯಿತ ಮತದಾರರು, ವಿಳಾಸ ಇಂತಿಂಥದು.

ಸಂದರ್ಶನದ ದಿನ

ಹಿಂದಿನ ಸಂಜೆ ಫೈಲು ಜೋಡಿಸಿದ್ದು ನಾನು. ನಮ್ಮವರು ಸರ್ಕಾರಿ ಕಚೇರಿಗೆ ಹೋಗುವ ರೀತಿ ನಿಮಗೆ ಗೊತ್ತು. ಕೇಳಿದ್ದು ಒಂದಾದರೆ ಹತ್ತು ಕೊಂಡೊಯ್ಯುವುದು, ಎಲ್ಲದಕ್ಕೂ ಎರಡೆರಡು ಜೆರಾಕ್ಸ್. ಬಾಡಿಗೆ ಕರಾರು, ಕರೆಂಟು ಬಿಲ್ಲು ಎಲ್ಲ ರಫೀಕ್ ಹೆಸರಿನಲ್ಲಿದ್ದವು.

"ಲೈಸೆನ್ಸ್ ಬಿಟ್ರೆ ನಿನ್ನ ಹೆಸರಲ್ಲಿ ಅಡ್ರೆಸ್ ಪ್ರೂಫ್ ಏನೂ ಇಲ್ಲ ಅಂತ ಹೆದರ್ತಿದ್ಯಲ್ಲ, ಇದಿದೆ ನೋಡು" ಎಂದು ಆ ಕಾರ್ಡನ್ನು ಫೈಲಿನ ಮೊದಲ ಕವರಿನಲ್ಲಿ ಹಾಕಿದೆ. "ಸರ್ಕಾರಿ ಕಾಗದ. ವೋಟರ್ ಕಾರ್ಡಿಗಿಂತ ಗಟ್ಟಿ ಪ್ರೂಫ್ ಇನ್ನೇನಿದೆ?"

ನಮ್ಮೂರಲ್ಲಿ ಅದು ನಿಜ. ಸಿಮ್ ಕಾರ್ಡಿನಿಂದ ಹಿಡಿದು ಗ್ಯಾಸ್ ಸಿಲಿಂಡರಿನ ತನಕ ಅದನ್ನು ತೋರಿಸಿ ತಂದವರು ನಾವು.

ಬೆಳಿಗ್ಗೆ ಫರ್ಜಾನಾಳೇ ಕಾರು ಓಡಿಸಿದಳು. ದಾರಿಯುದ್ದಕ್ಕೂ ಕೊನೆಯ ಬಾರಿ ಪಾಠ ಒಪ್ಪಿಸಿದಳು. ನಾನು ಪಟ್ಟಿ ಓದುತ್ತಾ ಹೋದೆ, ಅವಳು ನೋ, ನೋ ಎನ್ನುತ್ತಾ ಹೋದಳು. ಮತದ ಪ್ರಶ್ನೆ ಬಂತು. ಅವಳು ನೋ ಎಂದಳು. ನಾನು ಮುಂದಿನ ಪ್ರಶ್ನೆಗೆ ಹೋದೆ.

ಈ ಮೂರು ವಾಕ್ಯಗಳನ್ನು ಎಷ್ಟು ಸಲ ಮತ್ತೆ ಮತ್ತೆ ನೋಡಿದ್ದೇನೋ ಲೆಕ್ಕವಿಲ್ಲ. ಬಲಗಡೆ ಹಸಿರು ಬೋರ್ಡು ಹಾದುಹೋಯಿತು. ಅವಳು ಪಥ ಬದಲಿಸಲು ಸಿಗ್ನಲ್ ಹಾಕಿದಳು. ನೋ ಎಂದಳು. ನನ್ನ ತೊಡೆಯ ಮೇಲಿದ್ದ ಫೈಲಿನಲ್ಲಿ ಆ ಕಾರ್ಡು ಇತ್ತು. ಇಬ್ಬರಲ್ಲಿ ಒಬ್ಬರಿಗಾದರೂ ಹೊಳೆಯಬೇಕಿತ್ತು.

ನಾನು ಹೊರಗಿನ ಕೋಣೆಯಲ್ಲಿ ಕಾದೆ. ರಫೀಕ್‌ದು ಇಪ್ಪತ್ತು ನಿಮಿಷದಲ್ಲಿ ಮುಗಿದಿತ್ತಂತೆ. ಅವಳ ನಂತರ ಒಳಗೆ ಹೋದ ಮೂವರು ನಗುತ್ತಾ ಹೊರಗೆ ಬಂದರು. ಒಂದೂವರೆ ಗಂಟೆಯಾದ ಮೇಲೆ ಫರ್ಜಾನಾ ಬಂದಳು. ಫೈಲು ಎದೆಗೆ ಒತ್ತಿಕೊಂಡಿದ್ದಳು. "ನಡಿ" ಎಂದಳು ಅಷ್ಟೆ. ಕಾರಿನಲ್ಲಿ ಕೂತು ಕೀಲಿಯನ್ನು ಮಡಿಲಲ್ಲಿಟ್ಟುಕೊಂಡಳು.

"ಎಲ್ಲಾ ಸರಿ ಹೇಳ್ದೆ ಕಣೆ ಸುಮಾ. ಕೇಳಿದ ಆರಕ್ಕೆ ಆರೂ ರೈಟು. ಆ ಆಫೀಸರಮ್ಮ ನಮ್ಮ ವಯಸ್ಸಿನೋರೇ, ಒಳ್ಳೇವ್ರು. ಪಟ್ಟಿ ಓದಿದ್ರು, ನೋ ನೋ ಅಂದೆ. ಆಮೇಲೆ, ಲೀಸಲ್ಲಿ ನಿಮ್ಮ ಹೆಸರಿಲ್ವಲ್ಲ, ಬೇರೇನಾದ್ರೂ ಇದ್ಯಾ ಅಂದ್ರು."

ನನಗೆ ಗೊತ್ತಾಯಿತು. ಆದರೂ ಅವಳು ಹೇಳಲಿ ಎಂದು ಕಾದೆ.

"ನಾನೇ ತೆಗ್ದು ಕೊಟ್ಟೆ. ನಗ್ತಾ ಕೊಟ್ಟೆ ಕಣೆ. ಅವರು ಅದನ್ನೇ ನೋಡ್ತಾ ಕೂತ್ರು. ಆಮೇಲೆ, ಐದು ನಿಮಿಷದ ಹಿಂದೆ ನೀವು ಪ್ರಮಾಣ ಮಾಡಿ ಯಾವತ್ತೂ ಮತ ಹಾಕಿಲ್ಲ ಅಂದ್ರಿ ಅಲ್ವಾ ಅಂದ್ರು. ಇದು ಊರಿನ ಎಲೆಕ್ಷನ್ನು, ಇಲ್ಲಿ ನಮಗೂ ಹಕ್ಕಿದೆ ಅಂದೆ. ಹಕ್ಕಿದ್ದರೆ ಇಲ್ಲ ಅಂತ ಯಾಕೆ ಹೇಳಿದ್ರಿ ಅಂದ್ರು."

"ನೀನೇನಂದೆ?"

"ಪ್ರಾಕ್ಟೀಸ್ ಮಾಡಿದ್ದೆ, ಅದಕ್ಕೇ ಬಾಯಿಗೆ ಬಂತು ಅಂದೆ. ಇನ್ನೊಬ್ಬರನ್ನ ಕರೆದ್ರು. ಅದನ್ನೇ ಬರೆದುಕೊಡಿ ಅಂದ್ರು. ಬರೆದು ಸೈನ್ ಮಾಡ್ಕೊಟ್ಟೆ. ಅದನ್ನ ಓದಿದ್ರೆ ಸುಳ್ಳು ಹೇಳಕ್ಕೇ ಪ್ರಾಕ್ಟೀಸ್ ಮಾಡಿದ್ದೆ ಅನ್ನೋ ಹಾಗೆ ಕಾಣುತ್ತೆ."

ಆ ಅಧಿಕಾರಿ ಕೆಟ್ಟವಳಲ್ಲ. ಒಮ್ಮೆ ನನ್ನ ಮತಗಟ್ಟೆಗೆ ಒಬ್ಬ ಹೆಂಗಸು ಬಂದಿದ್ದಳು. ಕೈಯಲ್ಲಿ ಕಾರ್ಡಿತ್ತು, ಪಟ್ಟಿಯಲ್ಲಿ ಹೆಸರಿರಲಿಲ್ಲ. ಕೆಲಸ ಬಿಟ್ಟು ಬಂದಿದ್ದೀನಿ ಮೇಡಂ ಎಂದು ಬಾಗಿಲಲ್ಲೇ ನಿಂತು ಅತ್ತಳು. ಪಟ್ಟಿ ನೋಡಿ, "ನಾನೇನೂ ಮಾಡಕ್ಕಾಗಲ್ಲಮ್ಮ, ಮುಂದೆ ಬನ್ನಿ" ಎಂದು ಅವಳ ಹಿಂದಿನವರನ್ನು ಕರೆದಿದ್ದೆ. ಆ ಕೋಣೆಯಲ್ಲಿ ಫರ್ಜಾನಾಳ ಎದುರು ನಾನೇ ಕೂತಿದ್ದರೂ ಬರೆದುಕೊಡಿ ಎನ್ನುತ್ತಿದ್ದೆ.

ಆಶ್‌ಬರ್ನ್

ಭಾನುವಾರ ರಫೀಕ್‌ನ ಸಹೋದ್ಯೋಗಿ ಮೂರ್ತಿಯವರ ಮನೆಗೆ ಹೋದೆವು. ಅವರ ಪರಿಚಯದ ವಲಸೆ ವಕೀಲೆಯೊಬ್ಬರು ಫೋನಿನಲ್ಲಿ ಮಾತಾಡಲು ಒಪ್ಪಿದ್ದರು. ಮೂರ್ತಿ ಬೆಂಗಳೂರಿನ ಬಸವನಗುಡಿಯವರು, ಹದಿನಾಲ್ಕು ವರ್ಷದಿಂದ ಕೆಲಸದ ವೀಸಾದಲ್ಲಿ ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಂತವರು. ಅವರ ಮನೆ, ಪಕ್ಕದ ಮನೆ, ಅದರಾಚೆಯ ಮನೆ, ಎಲ್ಲ ಒಂದೇ ಅಚ್ಚಿನವು. ಬೀದಿಯ ಕೊನೆಗೆ ಕಿಟಕಿಯಿಲ್ಲದ ದೊಡ್ಡ ಡೇಟಾ ಸೆಂಟರ್ ಗುಂಯ್ ಎನ್ನುತ್ತಿತ್ತು.

"ಯಾಕ್ರೀ ಬೇಕಿತ್ತು ಇದು?" ಎಂದರು ಮೂರ್ತಿ, ನಾವು ಕೂರುವ ಮೊದಲೇ. "ನಾವೆಲ್ಲ ತಲೆ ತಗ್ಗಿಸ್ಕೊಂಡು ಟ್ಯಾಕ್ಸ್ ಕಟ್ಕೊಂಡು ಇಲ್ವಾ? ಪೊಲಿಟಿಕ್ಸ್ ಎಲ್ಲಾ ನಮಗ್ಯಾಕೆ?"

"ಪೊಲಿಟಿಕ್ಸ್ ಅಲ್ಲ ಅಂಕಲ್, ಸ್ಪೀಡ್ ಬಂಪ್" ಎಂದಳು ಆಯಿಷಾ.

"ಅದೇ ಪುಟ್ಟಾ. ನಾನೂ ಇಲ್ಲಿ ವೋಟ್ ಹಾಕ್ತೀನಿ ಗೊತ್ತಾ? ಈ ಕಾಲೊನಿ ಅಸೋಸಿಯೇಶನ್‌ದು. ಬಾಗಿಲಿಗೆ ಯಾವ ಕಲರ್ ಪೇಂಟ್ ಮಾಡಬೋದು ಅಂತ. ಕಂದು, ಬೂದಿ, ನೇವಿ ಬ್ಲೂ. ಯಾರೂ ಡಿಪೋರ್ಟ್ ಮಾಡಲ್ಲ."

ಅವರ ಹೆಂಡತಿ ತಟ್ಟೆ ತಂದಿಟ್ಟು "ಸುಮ್ನಿರ್ರೀ ಸ್ವಲ್ಪ" ಎಂದರು. ಚಿತ್ರಾನ್ನ ತಣ್ಣಗಾಯಿತು.

ವಕೀಲೆ ಹೇಳಿದ್ದನ್ನು ಸರಳವಾಗಿ ಹೇಳುತ್ತೇನೆ. ಮತ ಹಾಕಿದ್ದು ತಪ್ಪಲ್ಲ, ಊರು ಕೊಟ್ಟ ಹಕ್ಕು ಅದು, ಊರಿನ ಕಚೇರಿಯಿಂದ ಪತ್ರ ತನ್ನಿ. ಆದರೆ ಪ್ರಮಾಣ ಮಾಡಿ ಇಲ್ಲ ಎಂದದ್ದು ಬೇರೆಯೇ ವಿಷಯ. ಮೊದಲೆಲ್ಲ ಇಂಥದ್ದನ್ನು ತಪ್ಪು ತಿಳಿವಳಿಕೆ ಎಂದು ಬಿಡುತ್ತಿದ್ದರು, ಈಗ ಗ್ಯಾರಂಟಿ ಕೊಡಲಾರೆ. ಅರ್ಜಿ ತಿರಸ್ಕಾರವಾಗಬಹುದು. ಗಡೀಪಾರಿನ ಕೇಸೂ ಹಾಕಬಹುದು. ಅಲ್ಲಿಯವರೆಗೆ ದೇಶ ಬಿಟ್ಟು ಹೋಗಬೇಡಿ, ಹೋದರೆ ವಾಪಸ್ ಬರುವುದು ನನ್ನ ಕೈಯಲ್ಲಿಲ್ಲ.

ಡಿಸೆಂಬರಿನಲ್ಲಿ ಮೈಸೂರಿನಲ್ಲಿ ಅವಳ ತಂಗಿಯ ಮಗಳ ಮದುವೆಯಿತ್ತು. ಟಿಕೆಟ್ ಆಗಿತ್ತು.

ವಾಪಸ್ ಬರುವಾಗ ರಫೀಕ್ ಕಾರು ಓಡಿಸಿದ. ಆ ದಿನ ಮಾತ್ರವಲ್ಲ, ನಾನು ಹೊರಡುವ ತನಕವೂ "ಬೇಡ ಅಂದಿದ್ದೆ" ಎಂದು ಅವನು ಒಮ್ಮೆಯೂ ಅನ್ನಲಿಲ್ಲ. ಅಂದುಬಿಟ್ಟಿದ್ದರೆ ನನಗೆ ಉಸಿರಾಡಲು ಆಗುತ್ತಿತ್ತು.

ಊರಿನ ಕಚೇರಿ ಮರುದಿನವೇ ಪತ್ರ ಕೊಟ್ಟಿತು, ಮುದ್ರೆ ಒತ್ತಿ, ಕಾನೂನಿನ ಪ್ರತಿ ಲಗತ್ತಿಸಿ. ಗ್ಲೋರಿಯಾ ಅದನ್ನು ತಾವೇ ತಂದುಕೊಟ್ಟರು. ಸೋಫಾದ ತುದಿಯಲ್ಲಿ ಕೂತು, "ನಾವು ನಿಮಗೆ ಒಳ್ಳೆಯದು ಮಾಡಿದೆವು ಅಂದುಕೊಂಡಿದ್ದೆವು" ಎಂದರು. ಅವರ ಕೌನ್ಸಿಲ್ಲಿಗೆ ರಸ್ತೆಗೆ ಉಬ್ಬು ಹಾಕಿಸುವ ಅಧಿಕಾರವಿತ್ತು, ಯಾರಿಗಾದರೂ ಮತದ ಹಕ್ಕು ಕೊಡುವ ಅಧಿಕಾರವಿತ್ತು. ಆ ಮತ ಹಾಕಿದವಳನ್ನು ಕಾಯುವ ಅಧಿಕಾರ ಇರಲಿಲ್ಲ.

ನಾರ್ತ್ ಕ್ಯಾರೊಲೈನಾ

ಶಾಲೆಗೆ ರಜೆ ಬಂದ ಮೇಲೆ ಸಮುದ್ರಕ್ಕೆ ಹೋಗುವುದೆಂದು ಮೊದಲೇ ಮಾತಾಗಿತ್ತು. ಬೇಡ ಎಂದೆ. "ಮಗುಗೆ ಮಾತು ಕೊಟ್ಟಿದೀನಿ" ಎಂದಳು ಫರ್ಜಾನಾ. ರಫೀಕ್‌ಗೆ ರಜೆ ಸಿಗಲಿಲ್ಲ. ನಾವು ಮೂವರೇ ಹೊರಟೆವು. ಅವಳು ಜೋರಾಗಿ ಓಡಿಸುವ ಹೆಂಗಸು. ಈಗ ಬಲಬದಿಯ ಪಥ ಹಿಡಿದು, ಎರಡೂ ಕೈಯಲ್ಲಿ ಸ್ಟೀರಿಂಗ್ ಅವಚಿಕೊಂಡು, ಬೋರ್ಡಿನಲ್ಲಿ ಹೇಳಿದ್ದಕ್ಕಿಂತ ಎಷ್ಟೋ ಕಡಿಮೆ ವೇಗದಲ್ಲಿ ಹೋಗುತ್ತಿದ್ದಳು. ಲಾರಿಗಳು ಹಾರ್ನ್ ಹೊಡೆದು ಮುಂದೆ ಹೋದವು.

"ಅಮ್ಮಿ, ಯೂ ಆರ್ ಟೂ ಸ್ಲೋ. ಅಜ್ಜಿ ಥರ ಡ್ರೈವ್ ಮಾಡ್ತಿದೀಯ" ಎಂದಳು ಆಯಿಷಾ.

ರಾಜ್ಯದ ಗಡಿ ದಾಟಿ ಸ್ವಲ್ಪ ಹೊತ್ತಿಗೆ ಹಿಂದೆ ನೀಲಿ ದೀಪ ಮಿನುಗಿತು. ಫರ್ಜಾನಾ ಕಾರು ನಿಲ್ಲಿಸಿದಳು. ಪೊಲೀಸಿನವನು ಎಳೆಯ ವಯಸ್ಸಿನವನು. ಕಿಟಕಿಗೆ ಬಗ್ಗಿ, ತುಂಬ ನಿಧಾನವಾಗಿ ಹೋಗುತ್ತಿದ್ದೀರಿ, ಆರೋಗ್ಯ ಸರಿಯಿದೆಯಾ ಎಂದ. ಲೈಸೆನ್ಸ್ ಕೇಳಿದ.

ಅವಳು ಲೈಸೆನ್ಸ್ ಕೊಟ್ಟಳು. ಆಮೇಲೆ ಗ್ರೀನ್ ಕಾರ್ಡ್ ಕೊಟ್ಟಳು. ಆಮೇಲೆ ನನ್ನ ಕಾಲ ಬಳಿಯಿದ್ದ ಚೀಲಕ್ಕೆ ಕೈ ಹಾಕಿ ಆ ಫೈಲನ್ನೇ ಎಳೆದು, ಊರಿನ ಕಚೇರಿಯ ಪತ್ರ ತೆಗೆದು, "ದಿಸ್ ಆಲ್ಸೊ, ಸರ್. ಐ ಆ್ಯಮ್ ಲೀಗಲ್, ಸರ್. ದೇ ಅಲೌಡ್ ಮಿ, ಸರ್" ಎನ್ನತೊಡಗಿದಳು. ಅವನಿಗೆ ಒಂದೂ ಅರ್ಥವಾಗಲಿಲ್ಲ.

"ಅಮ್ಮಿ! ಅವರು ಲೈಸೆನ್ಸ್ ಮಾತ್ರ ಕೇಳಿದ್ದು!" ಆಯಿಷಾ ಹಿಂದಿನ ಸೀಟಿನಿಂದ ಕಿರುಚಿದಳು. ನಾನು ಫರ್ಜಾನಾಳ ಮಣಿಕಟ್ಟು ಹಿಡಿದುಕೊಂಡೆ. ಹಾಳೆ ಹರಿಯಿತು.

ಅವನು ಎಲ್ಲವನ್ನೂ ವಾಪಸ್ ಕೊಟ್ಟ. ಮುಂದಿನ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ ನೀರು ಕುಡಿಯಿರಿ ಎಂದು ಹೇಳಿ ಹೋದ. ನನಗೆ ಇವತ್ತೂ ಕನಸಿನಲ್ಲಿ ಬರುವುದು ಅವನಲ್ಲ. ಕೇಳದಿದ್ದರೂ ಕೊಡುತ್ತಲೇ ಹೋದ ಆ ಕೈ.

ಸಮುದ್ರದಲ್ಲಿ ಆಯಿಷಾಳೂ ನಾನೂ ಆಡಿದೆವು, ಅಂದರೆ ನೀರಿನಲ್ಲಿ ನಿಂತಿದ್ದೆವು. ಫರ್ಜಾನಾ ಕಾರಿನಿಂದ ಇಳಿಯಲಿಲ್ಲ. ಸ್ವಲ್ಪ ಹೊತ್ತಿನ ನಂತರ ಆಯಿಷಾ ಕೇಳಿದಳು, "ಸುಮಾ ಆಂಟಿ, ಅಮ್ಮಿನ ಕಳಿಸಿದ್ರೆ, ಡು ಐ ಗೊ ಟೂ? ಆರ್ ಡು ಐ ಸ್ಟೇ?"

ಗೊತ್ತಿಲ್ಲ ಪುಟ್ಟಾ ಎಂದೆ. ಅವಳು ತಲೆಯಾಡಿಸಿದಳು, ಲೆಕ್ಕ ತಪ್ಪಾದಾಗ ಮಕ್ಕಳು ಆಡಿಸುವ ಹಾಗೆ.

ಮೈಸೂರು

ಜೂನ್ ಮಧ್ಯದಲ್ಲಿ ಒಬ್ಬಳೇ ಹಿಂದಿರುಗಿದೆ. ಅಕ್ಟೋಬರಿನಲ್ಲಿ ಫರ್ಜಾನಾಗೆ ಪತ್ರ ಬಂತು: ಪ್ರಮಾಣ ಮಾಡಿ ಸುಳ್ಳು ಹೇಳಿದ ಕಾರಣ ಅರ್ಜಿ ತಿರಸ್ಕೃತ. ಅದರ ಹಿಂದೆಯೇ ಇನ್ನೊಂದು, ವಲಸೆ ನ್ಯಾಯಾಧೀಶರ ಮುಂದೆ ಹಾಜರಾಗಬೇಕೆಂದು. ಆ ಮನೆಯಲ್ಲಿ ಈಗ ಇಬ್ಬರು ಅಮೆರಿಕದ ಪ್ರಜೆಗಳಿದ್ದಾರೆ, ಇಬ್ಬರೂ ಈವರೆಗೆ ಮತ ಹಾಕಿಲ್ಲ. ಹಾಕಿದವಳು ಹೋಗಬೇಕಾಗಬಹುದು.

ನ್ಯಾಯಾಧೀಶರಿಗೆ ನಾನು ಪತ್ರ ಬರೆಯುತ್ತೇನೆ, ಕಾರ್ಡು ಫೈಲಿಗೆ ಹಾಕಿದ್ದು ನಾನು, ಪಾಠ ಮಾಡಿಸಿದ್ದು ನಾನು ಎಂದು ವಕೀಲೆಗೆ ಹೇಳಿ ಕಳಿಸಿದೆ. ಬೇಡವಂತೆ. ಪಾಠ ಮಾಡಿಸಿದವರೇ ಬಂದು ಒಪ್ಪಿಕೊಂಡರೆ ಇನ್ನೂ ಕೆಟ್ಟದಂತೆ.

ಮದುವೆಗೆ ಅವಳ ಬದಲು ನಾನು ಹೋಗಿ, ಹುಡುಗಿಗೆ ಉಡುಗೊರೆ ಕೊಟ್ಟು, ವಿಡಿಯೊ ಕಾಲ್‌ನಲ್ಲಿ ಎಲ್ಲರನ್ನೂ ತೋರಿಸಿದೆ. ಹೋದ ವಾರ ಅವಳೇ ಫೋನ್ ಮಾಡಿದಳು. ಕೇಸಿನ ದಿನಾಂಕ ಮತ್ತೆ ಮುಂದೆ ಹೋಗಿದೆ. ಹಿಂದೆ ಪಾತ್ರೆಯ ಸದ್ದು ಕೇಳುತ್ತಿತ್ತು.

"ಯಾರೇ ಅಡುಗೆ ಮನೇಲಿ?" ಎಂದೆ.

"ಆಯಿಷಾ. ಅನ್ನ ಸಾರು ಮಾಡೋದು ಕಲಿಸ್ತಿದೀನಿ. ಅವರಪ್ಪನಿಗೆ ಟೀ ಬಿಟ್ರೆ ಏನೂ ಬರಲ್ಲ." ಮತ್ತೆ ಹೇಳಿದಳು, "ಬಟ್ಟೆ ಮಷಿನ್ ಹಾಕೋದು, ಸ್ಕೂಲ್ ಫಾರ್ಮ್ ಎಲ್ಲಿಟ್ಟಿದೀನಿ ಅನ್ನೋದು, ಎಲ್ಲಾ ಬರೆದು ಫ್ರಿಡ್ಜ್ ಮೇಲೆ ಅಂಟಿಸಿದೀನಿ."

ಫೋನು ಆಯಿಷಾಳ ಕೈಗೆ ಹೋಯಿತು.

"ಸುಮಾ ಆಂಟಿ, ಇವತ್ತು ಬೇಳೆ ಬರ್ನ್ ಮಾಡಿದೆ" ಎಂದಳು. "ಇಟ್ಸ್ ಓಕೆ. ನಾಳೆ ಮತ್ತೆ ಮಾಡ್ತೀನಿ. ಅಮ್ಮಿ ಇರೋವಾಗ್ಲೇ ಕಲೀಬೇಕು."